ಹಳೆಯ ವಾಕಿಟಾಕಿ ಸೆಟ್‌ಗಳ ಪ್ರೋಗ್ರಾಮಿಂಗ್ ತೊಂದರೆಗಳು: ಕೊಡಗಿನ ಬಳಕೆದಾರರು ಪದೇ ಪದೇ ಕೇಳುವ ಪ್ರಶ್ನೆಗಳು

ಮೊಬೈಲ್ ಸಿಗ್ನಲ್ ನಂಬಿಕೊಂಡು ಕೆಲಸ ನಡೆಸಲಾಗದ ಜಾಗಗಳು ಕೊಡಗಿನ ಕಾಫಿ ತೋಟಗಳಲ್ಲಿ ಇಂದಿಗೂ ಬೇಕಾದಷ್ಟಿವೆ. ತಿತಿಮತಿ, ಸಿದ್ದಾಪುರದ ಕಡೆ ಆನೆ ಹಿಂಡು ತೋಟಕ್ಕೆ ಇಳಿದ ಸುದ್ದಿಯನ್ನು ಕಾರ್ಮಿಕರ ಲೈನ್ ಮನೆಗಳಿಗೆ ತಕ್ಷಣ ಮುಟ್ಟಿಸಬೇಕಾದಾಗಲೂ, 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಸುತ್ತ ಗುಡ್ಡ ಕುಸಿದು ರಸ್ತೆಯೂ ವಿದ್ಯುತ್ತೂ ಇಲ್ಲವಾದಂಥ ಹೊತ್ತಿನಲ್ಲೂ ಕೈಯಲ್ಲಿ ಹಿಡಿಯುವ ವಾಕಿಟಾಕಿಯ ಬೆಲೆ ಏನೆಂಬುದು ಇಲ್ಲಿಯವರಿಗೆ ಗೊತ್ತು. ಹೋಟೆಲುಗಳು, ಕಾರ್ಖಾನೆಗಳು, ಭದ್ರತಾ ಸಂಸ್ಥೆಗಳು ಬಳಸಿ ಬಿಟ್ಟ ಸೆಟ್‌ಗಳು ಹರಾಜಿನಲ್ಲೋ ಬೆಂಗಳೂರಿನ ಅಂಗಡಿಗಳಲ್ಲೋ ಕಡಿಮೆ ಬೆಲೆಗೆ ದೊರೆಯುತ್ತವೆ, ಮತ್ತು ಅವುಗಳಲ್ಲಿ ಹಲವು ಇಂದಿನ ಅಗ್ಗದ ಹೊಸ ಸೆಟ್‌ಗಳಿಗಿಂತ ಗಟ್ಟಿಮುಟ್ಟಾಗಿವೆ. ಆದರೆ ಅವುಗಳೊಳಗೆ ಹಿಂದಿನ ಮಾಲೀಕರ ಚಾನಲ್‌ಗಳೇ ತುಂಬಿರುತ್ತವೆ. ಅವನ್ನು ತೆಗೆದು ನಮ್ಮದನ್ನು ತುಂಬುವ ಹಂತದಲ್ಲಿ ಹೆಚ್ಚಿನವರು ಎಡವುತ್ತಾರೆ. ಇಂಥ ದೋಷಗಳಲ್ಲಿ ಬಹುಪಾಲು ಸೆಟ್ಟಿಗೂ ಕಂಪ್ಯೂಟರಿಗೂ ನಡುವಿನ ಕೊಂಡಿಯಲ್ಲಿ ಇರುತ್ತವೆ ಎಂಬುದನ್ನು ಮೊದಲೇ ತಿಳಿದಿದ್ದರೆ, ಒಳ್ಳೆಯ ಸೆಟ್ಟೊಂದು ಕೆಟ್ಟಿದೆಯೆಂದು ಗುಜರಿಗೆ ಹೋಗುವುದು ತಪ್ಪುತ್ತದೆ.

ಪ್ರೋಗ್ರಾಮ್ ಮಾಡುವ ಮೊದಲು ಪರವಾನಗಿ ಬೇಕೆ?

ಬೇಕು. ಪ್ರಸಾರ ಮಾಡಬಲ್ಲ ಸೆಟ್ಟನ್ನು ಇಟ್ಟುಕೊಳ್ಳುವುದಕ್ಕೂ ಬಳಸುವುದಕ್ಕೂ ಅನುಮತಿ ಬೇಕೆಂಬ ನಿಯಮ 1885ರ ಟೆಲಿಗ್ರಾಫ್ ಕಾಯ್ದೆ ಮತ್ತು 1933ರ ವೈರ್‌ಲೆಸ್ ಟೆಲಿಗ್ರಾಫಿ ಕಾಯ್ದೆಗಳಿಂದ ಬಂದದ್ದು. ಅವುಗಳ ಜಾಗಕ್ಕೆಂದು 2023ರ ದೂರಸಂಪರ್ಕ ಕಾಯ್ದೆ ರೂಪುಗೊಂಡಿದೆ. ತೋಟ, ರೆಸಾರ್ಟ್ ಅಥವಾ ಸಂಸ್ಥೆಯ ಬಳಕೆಗೆ ಬೇಕಾದ ಆವರ್ತನವನ್ನು ಕೇಂದ್ರ ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ (ವೈರ್‌ಲೆಸ್ ಯೋಜನೆ ಮತ್ತು ಸಮನ್ವಯ) ವಿಭಾಗ ಕೊಡುತ್ತದೆ, ಅರ್ಜಿಯನ್ನು ಸರಳ್ ಸಂಚಾರ್ ಜಾಲತಾಣದಲ್ಲಿ ಸಲ್ಲಿಸಬೇಕು. ಹವ್ಯಾಸಿ ರೇಡಿಯೊ ಪರವಾನಗಿ ಉಳ್ಳವರಿಗೆ 144ರಿಂದ 146 ಮತ್ತು 434ರಿಂದ 438 ಮೆಗಾಹರ್ಟ್ಸ್‌ವರೆಗಿನ ಆವರ್ತನ ಪಟ್ಟಿಗಳಿವೆ (ಬ್ಯಾಂಡ್), ಆದರೆ ಅಲ್ಲಿ ತೋಟದ ವ್ಯವಹಾರದ ಮಾತಿಗೆ ಅವಕಾಶವಿಲ್ಲ. 446.0ರಿಂದ 446.2 ಮೆಗಾಹರ್ಟ್ಸ್ ಪರವಾನಗಿಯಿಂದ ಮುಕ್ತವಾಗಿದೆ ಎಂಬ ಮಾತು ನಿಜವೇ. ಆದರೆ ಆ ವಿನಾಯಿತಿ ಇರುವುದು ಅದಕ್ಕೆಂದೇ ತಯಾರಾಗಿ ಅನುಮೋದನೆ ಪಡೆದ ಕಡಿಮೆ ಶಕ್ತಿಯ ಸೆಟ್‌ಗಳಿಗೆ. 4 ಅಥವಾ 5 ವ್ಯಾಟ್‌ನ ಹಳೆಯ ಸೆಟ್ಟಿಗೆ ಆ ಆವರ್ತನವನ್ನು ತುಂಬಿದ ಮಾತ್ರಕ್ಕೆ ಅದು ಪರವಾನಗಿಮುಕ್ತವಾಗುವುದಿಲ್ಲ. ಆನ್‌ಲೈನ್ ಮಾರಾಟದಲ್ಲಿ ಈ ವಿವರಗಳನ್ನು ಮರೆಮಾಚದಂತೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2025ರಲ್ಲಿ ಮಾರ್ಗಸೂಚಿಯನ್ನೇ ಹೊರಡಿಸಿದೆ.

ಹಿಂದಿನ ಮಾಲೀಕರ ಚಾನಲ್‌ಗಳು ಇನ್ನೂ ಇರುವ ಸೆಟ್ಟಿನಲ್ಲಿ ಮಾತಾಡಿ ಪರೀಕ್ಷಿಸಬಹುದೇ?

ಖಂಡಿತ ಬೇಡ. ಆ ಆವರ್ತನ ಇಂದು ಯಾರ ಕೈಯಲ್ಲಿದೆ ಎಂಬುದು ನಿಮಗೆ ತಿಳಿದಿರುವುದಿಲ್ಲ. ಪೊಲೀಸರೋ ಅರಣ್ಯ ಇಲಾಖೆಯವರೋ ತುರ್ತಿನಲ್ಲಿ ಮಾತಾಡುತ್ತಿರುವಾಗ ನಿಮ್ಮ ಗುಂಡಿಯೊತ್ತು ಅವರ ಮಾತನ್ನು ಅಳಿಸಿಹಾಕೀತು.

ಕೇಬಲ್ ಜೋಡಿಸಿದ್ದೇನೆ, ತಂತ್ರಾಂಶವೂ ತೆರೆದಿದೆ, ಆದರೆ ಅದು ಸೆಟ್ಟಿನಲ್ಲಿರುವುದನ್ನು ಓದುವುದೇ ಇಲ್ಲ. ಎಲ್ಲಿಂದ ಹುಡುಕಬೇಕು?

ಕಂಪ್ಯೂಟರಿನ ಕಡೆಯಿಂದ ಆರಂಭಿಸಿ ಸೆಟ್ಟಿನ ಕಡೆಗೆ ಬನ್ನಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಿ. ಮೊದಲನೆಯದು ಯುಎಸ್‌ಬಿ ಕೇಬಲ್‌ನ ಡ್ರೈವರ್, ಅಂದರೆ ಕೇಬಲನ್ನು ಕಂಪ್ಯೂಟರಿಗೆ ಪರಿಚಯಿಸುವ ಕಿರು ತಂತ್ರಾಂಶ. ಕೇಬಲ್ ಚುಚ್ಚಿದ ಕೂಡಲೇ ವಿಂಡೋಸ್‌ನ ಡಿವೈಸ್ ಮ್ಯಾನೇಜರ್‌ನಲ್ಲಿ ಪೋರ್ಟ್‌ಗಳ ಪಟ್ಟಿಗೆ ಹೊಸದೊಂದು ಕಾಮ್ (COM) ಪೋರ್ಟ್ ಸೇರಬೇಕು, ಕೇಬಲ್ ಕಿತ್ತಾಗ ಅದು ಮರೆಯಾಗಬೇಕು. ಹೀಗಾಗದಿದ್ದರೆ ವಾಕಿಟಾಕಿಯನ್ನು ಮುಟ್ಟುವ ಅಗತ್ಯವೇ ಇನ್ನೂ ಬಂದಿಲ್ಲ. ಪೋರ್ಟ್ ಕಾಣಿಸುತ್ತಿದ್ದರೆ ಅದೇ ಸಂಖ್ಯೆಯನ್ನು ಪ್ರೋಗ್ರಾಮಿಂಗ್ ತಂತ್ರಾಂಶದಲ್ಲಿಯೂ ಆರಿಸಲಾಗಿದೆಯೇ ನೋಡಿ. ಕೇಬಲ್‌ನ ಕೊನೆಯಲ್ಲಿ ಒಂಬತ್ತು ಪಿನ್ನಿನ ಕನೆಕ್ಟರ್ ಇದ್ದರೆ 2 ಮತ್ತು 3ನೇ ಪಿನ್ನುಗಳನ್ನು ಚಿಕ್ಕ ತಂತಿಯಿಂದ ಕೂಡಿಸಿ, ಯಾವುದಾದರೂ ಟರ್ಮಿನಲ್ ತಂತ್ರಾಂಶದಲ್ಲಿ ಅಕ್ಷರಗಳನ್ನು ಒತ್ತಿರಿ. ಒತ್ತಿದ ಅಕ್ಷರ ಪರದೆಗೆ ಮರಳಿ ಬಂದರೆ ಅಲ್ಲಿಯವರೆಗಿನ ದಾರಿ ಸರಿಯಿದೆ. ಬಾರದಿದ್ದರೆ ದೋಷ ಕಂಪ್ಯೂಟರ್ ಮತ್ತು ಕೇಬಲ್‌ನಲ್ಲಿರುವ ಯುಎಸ್‌ಬಿ ಪರಿವರ್ತಕದ ನಡುವೆಯೇ ಇದೆ. ಈ ಸಣ್ಣ ಪರೀಕ್ಷೆಯನ್ನು ಮಾಡದೆ ಸೆಟ್ ಬಿಚ್ಚುವುದು ಅನಗತ್ಯ ಸಾಹಸ.

ಇದಾದ ಬಳಿಕ ಸೆಟ್ಟಿನ ಕಡೆಯ ಸಂಪರ್ಕವನ್ನು ನೋಡಬೇಕು. ಕೆನ್‌ವುಡ್ ಮಾದರಿಯ ಎರಡು ಪಿನ್ನಿನ ಪ್ಲಗ್ಗನ್ನು ಬಾವ್‌ಫೆಂಗ್ ಸೆಟ್‌ಗಳೂ ಬಳಸುತ್ತವೆ. ಪ್ಲಗ್ಗಿನ ಪ್ಲಾಸ್ಟಿಕ್ ಅಂಚು ಸೆಟ್ಟಿನ ಕವಚಕ್ಕೆ ತಾಗಿ ಕೊನೆಯ ಒಂದು ಮಿಲಿಮೀಟರಿನಷ್ಟು ಒಳಗೆ ಹೋಗದೆ ಉಳಿಯುವುದು ಬಹಳ ಸಾಮಾನ್ಯ. ಚಿರ್ಪ್ ಎಂಬ ಪ್ರೋಗ್ರಾಮಿಂಗ್ ತಂತ್ರಾಂಶವು ಸೆಟ್ ಉತ್ತರಿಸಲಿಲ್ಲ ಎಂದು ಹೇಳಿದಾಗ ನಾನು ಮೊದಲು ಮಾಡಿಸುವ ಕೆಲಸವೆಂದರೆ ಪ್ಲಗ್ಗನ್ನು ಸದ್ದಾಗುವವರೆಗೆ ಒತ್ತಿಸುವುದು, ಅದೂ ಸಾಲದಿದ್ದರೆ ಅಂಚನ್ನು ಸ್ವಲ್ಪ ಹೆರೆಸುವುದು. ಸೆಟ್ಟನ್ನು ಚಾಲೂ ಮಾಡಿ ಧ್ವನಿಯನ್ನು ಮಧ್ಯಮಕ್ಕೆ ಇಟ್ಟು, ಯಾರೂ ಮಾತಾಡದ ಚಾನಲ್‌ಗೆ ತಿರುಗಿಸಿಕೊಂಡಿರಬೇಕು. ಓದುವ ನಡುವೆ ಪ್ರಸಾರವೊಂದು ಬಂದರೆ ಕೆಲವು ಸೆಟ್‌ಗಳು ಅರ್ಧಕ್ಕೇ ನಿಲ್ಲಿಸುತ್ತವೆ.

ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ಗುರುತು ಬಿದ್ದು ಕೋಡ್ 10 ಎಂದು ತೋರಿಸುತ್ತಿದೆ. ಕೇಬಲ್ ಕೆಟ್ಟಿದೆಯೇ?

ಕೇಬಲ್ ಕೆಡದೆಯೂ ಹೀಗಾಗುತ್ತದೆ. ಅಗ್ಗದ ಕೇಬಲ್‌ಗಳಲ್ಲಿ ಹೆಚ್ಚಾಗಿ ಪ್ರೊಲಿಫಿಕ್ ಸಂಸ್ಥೆಯ ಪಿಎಲ್ 2303 ಚಿಪ್ ಅಥವಾ ಅದರ ನಕಲು ಇರುತ್ತದೆ. ನಕಲಿ ಚಿಪ್‌ಗಳ ಹಾವಳಿ ತಾಳಲಾರದೆ ಆ ಸಂಸ್ಥೆ ತನ್ನ ಹೊಸ ಡ್ರೈವರ್‌ಗಳನ್ನು ನಕಲಿಗಳಿಗೂ, ತನ್ನದೇ ಹಳೆಯ ತಲೆಮಾರಿನ ಚಿಪ್‌ಗಳಿಗೂ ಕೆಲಸ ಮಾಡದಂತೆ ರೂಪಿಸಿತು. ವಿಂಡೋಸ್ ತಾನಾಗಿಯೇ ಹೊಸ ಡ್ರೈವರ್ ಹಾಕಿಕೊಂಡಾಗ ನಿನ್ನೆಯವರೆಗೆ ನಡೆಯುತ್ತಿದ್ದ ಕೇಬಲ್ ಇಂದು ಸತ್ತಂತೆ ಕಾಣುತ್ತದೆ. ಡಿವೈಸ್ ಮ್ಯಾನೇಜರ್‌ನಲ್ಲಿ ಡ್ರೈವರ್‌ನ ಹಳೆಯ ಆವೃತ್ತಿಯನ್ನು ಕೈಯಾರೆ ಆರಿಸಿದರೆ ಅದು ಮತ್ತೆ ಜೀವ ತಳೆಯುವುದುಂಟು, ಆದರೆ ಮುಂದಿನ ಅಪ್‌ಡೇಟ್‌ನಲ್ಲಿ ಅದೇ ಕಥೆ ಮರುಕಳಿಸಬಹುದು.

ಎಫ್‌ಟಿಡಿಐ ಕಂಪನಿಯ ಚಿಪ್ ಇರುವ ಅಸಲಿ ಕೇಬಲ್‌ಗೆ ನಾಲ್ಕು ಕಾಸು ಹೆಚ್ಚು ಕೊಡುವುದೇ ಲೇಸು ಎಂಬುದು ನನ್ನ ದೃಢವಾದ ಅಭಿಪ್ರಾಯ. ಇಲ್ಲಿಯೂ ಅಸಲಿ ಎಂಬ ಮಾತು ಮುಖ್ಯ: 2014ರಲ್ಲಿ ಎಫ್‌ಟಿಡಿಐ ಹೊರತಂದ ಡ್ರೈವರ್ ಒಂದು ನಕಲಿ ಚಿಪ್‌ಗಳ ಗುರುತಿನ ಸಂಖ್ಯೆಯನ್ನೇ ಸೊನ್ನೆಯಾಗಿಸಿ ಅವನ್ನು ನಿಷ್ಪ್ರಯೋಜಕಗೊಳಿಸಿತ್ತು. ಅಸಲಿ ಕೇಬಲ್ ಇದ್ದೂ ಮಧ್ಯೆ ಮಧ್ಯೆ ಸಂಪರ್ಕ ಕಡಿಯುತ್ತಿದ್ದರೆ, ಆ ಪೋರ್ಟ್‌ನ ಅಡ್ವಾನ್ಸ್ಡ್ ಸೆಟ್ಟಿಂಗ್‌ನಲ್ಲಿ ಲೇಟೆನ್ಸಿ ಟೈಮರ್ 16 ಮಿಲಿಸೆಕೆಂಡ್ ಎಂದಿರುವುದನ್ನು 1ಕ್ಕೆ ಇಳಿಸಿ ನೋಡಿ. ಉತ್ತರಕ್ಕಾಗಿ ಹೆಚ್ಚು ಕಾಯದ ಹಳೆಯ ತಂತ್ರಾಂಶಗಳಿಗೆ ಇದರಿಂದ ಎಷ್ಟೋ ಅನುಕೂಲವಾಗುತ್ತದೆ.

ತಂತ್ರಾಂಶದಲ್ಲಿ ಕಾಮ್ 1ರಿಂದ 4ರವರೆಗೆ ಮಾತ್ರ ಇದೆ, ನನ್ನ ಕೇಬಲ್ ಕಾಮ್ 11 ಆಗಿ ಕುಳಿತಿದೆ.

ಅದೇ ಅಡ್ವಾನ್ಸ್ಡ್ ಸೆಟ್ಟಿಂಗ್‌ನಲ್ಲಿ ಪೋರ್ಟ್ ಸಂಖ್ಯೆಯನ್ನು ಬದಲಿಸಬಹುದು. ಬಳಕೆಯಲ್ಲಿದೆ ಎಂಬ ಎಚ್ಚರಿಕೆ ಬಂದರೂ, ಆ ಸಂಖ್ಯೆ ಹಿಂದೆಂದೋ ಚುಚ್ಚಿ ತೆಗೆದ ಸಾಧನದ್ದಾಗಿದ್ದರೆ ಮುಂದುವರಿಯಬಹುದು.

ಮೊಟೊರೋಲಾ ಸೆಟ್ಟಿಗೆ ರಿಬ್ ಪೆಟ್ಟಿಗೆ ಬೇಕು ಎನ್ನುತ್ತಾರೆ. ನೇರವಾಗಿ ತಂತಿ ಎಳೆದರೆ ಆಗದೇ?

ಆಗದು, ಮತ್ತು ಸೆಟ್ಟಿಗೆ ಹಾನಿಯಾದೀತು. ಕಂಪ್ಯೂಟರಿನ ಹಳೆಯ ಸೀರಿಯಲ್ ಪೋರ್ಟ್ ಧನ ಮತ್ತು ಋಣ ಎರಡೂ ಬಗೆಯ ವೋಲ್ಟೇಜ್ ಕಳಿಸುತ್ತದೆ, ಅದು 12 ವೋಲ್ಟ್‌ನ ಆಸುಪಾಸಿನಲ್ಲಿರಬಹುದು. ಸೆಟ್ಟಿನೊಳಗಿನ ಪ್ರೊಸೆಸರ್ ಅರಿಯುವುದು 0ಯಿಂದ 5 ವೋಲ್ಟ್ ಮಾತ್ರ. ಈ ಎರಡನ್ನೂ ಹೊಂದಿಸುವ ವಿದ್ಯುನ್ಮಂಡಲವೇ (ಸರ್ಕ್ಯೂಟ್) ರಿಬ್. ಇಂದು ದೊರೆಯುವ ರಿಬ್ ಇಲ್ಲದ ಕೇಬಲ್‌ಗಳಲ್ಲಿ ಇದೇ ಮಂಡಲ ಕನೆಕ್ಟರಿನೊಳಗೇ ಅಡಗಿರುತ್ತದೆ. ಹಳೆಯ ಅಸಲಿ ರಿಬ್ ನಿಮ್ಮ ಬಳಿ ಇದ್ದರೆ ಅದಕ್ಕೆ ಪ್ರತ್ಯೇಕವಾಗಿ ವಿದ್ಯುತ್ ಬೇಕೆಂಬುದನ್ನು ಮರೆಯಬೇಡಿ. ಅಡಾಪ್ಟರ್ ಸೊರಗಿದ್ದರೆ ಸೆಟ್ ಓದುವುದಿಲ್ಲ.

ಮೊಟೊರೋಲಾ ಜಿಪಿ 300 ಕೊಂಡಿದ್ದೇನೆ. ಅದರ ತಂತ್ರಾಂಶ ವಿಂಡೋಸ್ 10ರಲ್ಲಿ ತೆರೆಯುವುದೇ ಇಲ್ಲ.

ತೆರೆಯುವುದಿಲ್ಲ. ಅದು ವಿಂಡೋಸ್‌ಗಿಂತ ಹಿಂದಿನ ಕಾರ್ಯವ್ಯವಸ್ಥೆಯಾದ ಡಾಸ್ ಕಾಲದ ತಂತ್ರಾಂಶ. ಸೀರಿಯಲ್ ಪೋರ್ಟ್‌ನ ಯಂತ್ರಾಂಶವನ್ನು ತಾನೇ ನೇರವಾಗಿ ನಡೆಸಲು ಅದು ಬಯಸುತ್ತದೆ, ಆದರೆ ವಿಂಡೋಸ್ ಎನ್‌ಟಿ, 2000, ಎಕ್ಸ್‌ಪಿ ಮತ್ತು ಅವುಗಳ ನಂತರದ ಯಾವ ಆವೃತ್ತಿಯೂ ಅದಕ್ಕೆ ಅವಕಾಶ ಕೊಡುವುದಿಲ್ಲ. ಅದಲ್ಲದೆ ಇಂಥ ಹಳೆಯ ತಂತ್ರಾಂಶಗಳಲ್ಲಿ ಕೆಲವು ಸಮಯದ ಲೆಕ್ಕವನ್ನು ಪ್ರೊಸೆಸರಿನ ವೇಗದಿಂದಲೇ ಹಾಕುತ್ತಿದ್ದವು, ಆದ್ದರಿಂದ ವೇಗದ ಕಂಪ್ಯೂಟರಿನಲ್ಲಿ ಅವು ಸೆಟ್ ಉತ್ತರಿಸುವ ಮೊದಲೇ ತಾಳ್ಮೆಗೆಟ್ಟು ಸೀರಿಯಲ್ ಬಸ್ ದೋಷ ಎಂದು ಸಾರುತ್ತವೆ. ಓದುವಾಗ ಹೀಗಾದರೆ ನಷ್ಟವಿಲ್ಲ; ಬರೆಯುವಾಗ ಆದರೆ ಸೆಟ್ಟಿನ ಸ್ಮೃತಿ ಅರ್ಧ ಹಳೆಯದು, ಅರ್ಧ ಹೊಸದು ಆಗಿ ನಿಲ್ಲುತ್ತದೆ.

ಅತ್ಯಂತ ವಿಶ್ವಾಸಾರ್ಹವಾದ ದಾರಿಯೆಂದರೆ, ನಿಜವಾದ ಒಂಬತ್ತು ಪಿನ್ನಿನ ಸೀರಿಯಲ್ ಪೋರ್ಟ್ ಇರುವ ಹಳೆಯ ಲ್ಯಾಪ್‌ಟಾಪೊಂದನ್ನು ಇದಕ್ಕೆಂದೇ ಎತ್ತಿಟ್ಟು, ಶುದ್ಧ ಡಾಸ್‌ನಲ್ಲಿ ಬೂಟ್ ಮಾಡಿ ಬಳಸುವುದು. ಇಂಥದ್ದನ್ನು ನಾಲ್ಕಾರು ತೋಟದವರು ಸೇರಿ ಒಂದು ಇಟ್ಟುಕೊಂಡರೂ ಸಾಕು. ಡಾಸ್‌ಬಾಕ್ಸ್‌ನಂಥ ಅನುಕರಣ ತಂತ್ರಾಂಶದಲ್ಲಿ ನಿಜವಾದ ಪೋರ್ಟನ್ನು ಜೋಡಿಸಿ, ವೇಗವನ್ನು ತಗ್ಗಿಸಿ ಓದಿಸಿದವರಿದ್ದಾರೆ. ಓದುವುದಕ್ಕೆ ಅದನ್ನು ಪ್ರಯತ್ನಿಸಬಹುದು, ಆದರೆ ಬರೆಯುವುದಕ್ಕೆ ಅದನ್ನು ನೆಚ್ಚಲು ನಾನು ಹೇಳಲಾರೆ. ಇದರ ನಂತರದ ಜಿಪಿ 328, ಜಿಪಿ 338 ಸೆಟ್‌ಗಳಿಗೆ ವಿಂಡೋಸ್‌ನಲ್ಲೇ ನಡೆಯುವ ತಂತ್ರಾಂಶ ಇರುವುದರಿಂದ, ಇನ್ನೂ ಕೊಳ್ಳಬೇಕಾಗಿರುವವರು ಅವನ್ನು ಆರಿಸುವುದು ಒಳ್ಳೆಯದು.

ಓದುವುದು ಸರಿಯಾಗಿ ಆಯಿತು, ಬರೆಯುವಾಗ ಮಧ್ಯದಲ್ಲೇ ನಿಂತಿತು.

ಮೊದಲು ಬ್ಯಾಟರಿಯನ್ನು ಅನುಮಾನಿಸಿ. ಹಳೆಯ ಸೆಟ್‌ಗಳ ಜೊತೆ ಬರುವ ನಿಕ್ಕಲ್ ಕ್ಯಾಡ್ಮಿಯಂ ಬ್ಯಾಟರಿ ಸುಮ್ಮನಿದ್ದಾಗ ಪೂರ್ಣ ವೋಲ್ಟೇಜ್ ತೋರಿಸಿ, ಹೊರೆ ಬಿದ್ದೊಡನೆ ಕುಸಿಯುತ್ತದೆ. ಬರೆಯುವ ಮೊದಲು ಚೆನ್ನಾಗಿ ಚಾರ್ಜ್ ಆದ, ಸಾಧ್ಯವಾದರೆ ಹೊಸ ಬ್ಯಾಟರಿಯನ್ನೇ ಹಾಕಿ. ಕಕ್ಕಡ ತಿಂಗಳ ಮಳೆಯಲ್ಲಿ ಕರೆಂಟ್ ಯಾವ ಕ್ಷಣ ಹೋದೀತೆಂದು ಹೇಳಲಾಗದ ಊರು ನಮ್ಮದು. ಆದ್ದರಿಂದ ಡೆಸ್ಕ್‌ಟಾಪ್‌ಗಿಂತ ಬ್ಯಾಟರಿ ತುಂಬಿದ ಲ್ಯಾಪ್‌ಟಾಪ್ ಸುರಕ್ಷಿತ, ಮತ್ತು ಅದು ಕೆಲಸದ ನಡುವೆ ನಿದ್ರೆಗೆ ಜಾರದಂತೆ ಮೊದಲೇ ವ್ಯವಸ್ಥೆ ಮಾಡಿಕೊಳ್ಳಬೇಕು.

ಬರೆಯುವಿಕೆ ನಿಂತಾಗ ಗಾಬರಿಯಿಂದ ಸೆಟ್ಟನ್ನು ಆಫ್ ಮಾಡಬೇಡಿ. ಕೇಬಲ್ ಅಲುಗಿಸದೆ ಅದೇ ಕಡತವನ್ನು ಮತ್ತೊಮ್ಮೆ ಬರೆಯಲು ಪ್ರಯತ್ನಿಸಿ. ಒಪ್ಪದಿದ್ದರೆ ಬ್ಯಾಟರಿ ತೆಗೆದು ಹಾಕಿ, ಓದಿದ ಕೂಡಲೇ ಉಳಿಸಿಟ್ಟಿದ್ದ ಮೂಲ ಕಡತವನ್ನು ಬರೆಯಿರಿ. ಮೂಲ ಕಡತವೇ ಇಲ್ಲದಿದ್ದರೆ ಮುಂದಿನ ದಾರಿ ಕಠಿಣವಾಗುತ್ತದೆ. ಸೆಟ್ಟಿನಲ್ಲಿರುವುದು ಎಷ್ಟೇ ನಿರುಪಯುಕ್ತವೆನಿಸಿದರೂ ಅದನ್ನು ಓದಿ, ಸೆಟ್ಟಿನ ಕ್ರಮಸಂಖ್ಯೆಯ ಹೆಸರಿನಲ್ಲಿ ಉಳಿಸಿ, ಎರಡು ಕಡೆ ಪ್ರತಿ ಇಟ್ಟ ಮೇಲೆಯೇ ಒಂದಕ್ಷರವನ್ನಾದರೂ ಬದಲಿಸಬೇಕು. ಈ ಪುಟದಿಂದ ಒಂದೇ ಒಂದು ವಿಷಯವನ್ನು ಪಾಲಿಸುವುದಾದರೆ ಇದನ್ನು ಪಾಲಿಸಿ ಎಂದು ಕೇಳಿಕೊಳ್ಳುತ್ತೇನೆ.

ಒಂದು ಸೆಟ್ಟಿನ ಕಡತವನ್ನು ಉಳಿದ ಎಲ್ಲ ಸೆಟ್‌ಗಳಿಗೂ ನೇರವಾಗಿ ಬರೆಯಬಹುದೇ?

ಮಾದರಿ ಸಂಖ್ಯೆ, ಆವರ್ತನದ ಪಟ್ಟಿ, ಒಳಗಿನ ಫರ್ಮ್‌ವೇರ್ (ಸೆಟ್ಟನ್ನು ನಡೆಸುವ ತಂತ್ರಾಂಶ) ಈ ಮೂರೂ ಒಂದೇ ಆಗಿದ್ದು, ತಯಾರಕರ ತಂತ್ರಾಂಶದಲ್ಲಿ ಕ್ಲೋನ್ ಸೌಲಭ್ಯವಿದ್ದರೆ ಅದನ್ನು ಬಳಸಬಹುದು. ಹಾಗಿಲ್ಲದೆ ಇಡೀ ಸ್ಮೃತಿಯನ್ನು ಎತ್ತಿ ಇನ್ನೊಂದಕ್ಕೆ ಸುರಿಯುವುದು ಅಪಾಯಕರ, ಏಕೆಂದರೆ ಪ್ರಸಾರದ ಶಕ್ತಿ, ಆವರ್ತನದ ನಿಖರತೆ ಮುಂತಾದ, ಕಾರ್ಖಾನೆಯಲ್ಲಿ ಒಂದೊಂದು ಸೆಟ್ಟಿಗೂ ಬೇರೆಬೇರೆಯಾಗಿ ಹೊಂದಿಸಿದ ಅಳತೆಗಳೂ ಕೆಲವು ಮಾದರಿಗಳಲ್ಲಿ ಅದೇ ಸ್ಮೃತಿಯಲ್ಲಿರುತ್ತವೆ. ಬಾವ್‌ಫೆಂಗ್‌ನಂಥ ಸೆಟ್‌ಗಳಲ್ಲಿ ಹೊರನೋಟಕ್ಕೆ ಒಂದೇ ತೆರನಾಗಿರುವ ಎರಡರ ಫರ್ಮ್‌ವೇರ್ ಬೇರೆಯಾಗಿರುವುದು ಅಪರೂಪವಲ್ಲ. ಚಿರ್ಪ್ ಬಳಸುವವರು ಪ್ರತಿ ಸೆಟ್ಟನ್ನೂ ಮೊದಲು ಓದಿ, ಅದರದೇ ಕಡತಕ್ಕೆ ಚಾನಲ್‌ಗಳ ಸಾಲುಗಳನ್ನಷ್ಟೇ ನಕಲಿಸಿ, ಮರಳಿ ಅದಕ್ಕೇ ಬರೆಯಬೇಕು.

ಓದಲು ಪಾಸ್‌ವರ್ಡ್ ಕೇಳುತ್ತದೆ.

ಹಿಂದಿನ ಮಾಲೀಕರು ಬೀಗ ಹಾಕಿದ್ದಾರೆ. ಮಾರಿದವರನ್ನೇ ಕೇಳಬೇಕು, ಅವರಿಂದಲೂ ಸಿಗದಿದ್ದರೆ ತಯಾರಕರ ಅಧಿಕೃತ ಸೇವಾ ಕೇಂದ್ರಕ್ಕೆ ಖರೀದಿಯ ರಸೀದಿಯೊಂದಿಗೆ ಒಯ್ಯಬೇಕು. ರಸೀದಿ ಇಲ್ಲದ, ಪಾಸ್‌ವರ್ಡ್ ಇರುವ ಸೆಟ್ಟುಗಳ ರಾಶಿಯನ್ನು ಎಷ್ಟೇ ಅಗ್ಗವಾಗಿ ಕೊಟ್ಟರೂ ಕೊಳ್ಳದಿರುವುದು ಉತ್ತಮ. ಅವು ಕದ್ದ ಮಾಲೂ ಆಗಿರಬಹುದು.

ನನ್ನ ಆವರ್ತನವನ್ನು ನಮೂದಿಸಿದರೆ ತಂತ್ರಾಂಶ ಒಪ್ಪುವುದಿಲ್ಲ.

ಸೆಟ್ಟಿನ ಆವರ್ತನ ಪಟ್ಟಿ ಬೇರೆಯಿದೆ. ವಿಎಚ್‌ಎಫ್ ಎಂಬ ಆವರ್ತನ ವಲಯದ ಸೆಟ್‌ಗಳೆಲ್ಲವೂ ಒಂದೇ ಅಲ್ಲ: ಕೆಲವು 136ರಿಂದ 174 ಮೆಗಾಹರ್ಟ್ಸ್‌ವರೆಗೆ ನಡೆದರೆ, ಜಿಪಿ 300ರ ಒಂದು ಮಾದರಿ ಆರಂಭವಾಗುವುದೇ 146ರಿಂದ. ಭಾರತದ ಹವ್ಯಾಸಿ ಪಟ್ಟಿ 146ಕ್ಕೆ ಮುಗಿಯುವುದರಿಂದ ಆ ಮಾದರಿ ಹವ್ಯಾಸಿಗಳ ಪಾಲಿಗೆ ಕೂದಲೆಳೆಯಷ್ಟು ಅಂತರದಲ್ಲಿ ಕೈತಪ್ಪುತ್ತದೆ. ಹಳೆಯ ಮೊಟೊರೋಲಾ ತಂತ್ರಾಂಶಗಳಲ್ಲಿ ಶಿಫ್ಟ್ ಕೀಲಿಯನ್ನು ಒತ್ತಿಹಿಡಿದು ಅಂಕಿಗಳನ್ನು ಒತ್ತಿದರೆ ಪಟ್ಟಿಯ ಹೊರಗಿನ ಸಂಖ್ಯೆಯನ್ನು ಸ್ವೀಕರಿಸುವುದುಂಟು. ತಂತ್ರಾಂಶ ಒಪ್ಪಿದರೂ ಆವರ್ತನವನ್ನು ಹುಟ್ಟಿಸುವ ಸೆಟ್ಟಿನ ಆಂದೋಲಕ ಅಲ್ಲಿಯವರೆಗೆ ಎಟುಕಬೇಕಲ್ಲ. ಎಟುಕದಿದ್ದರೆ ಆ ಚಾನಲ್‌ಗೆ ತಿರುಗಿಸಿದೊಡನೆ ಸೆಟ್ ಎಡೆಬಿಡದೆ ಕೂಗುತ್ತದೆ. ಕೊಳ್ಳುವಾಗಲೇ ಬ್ಯಾಟರಿ ತೆಗೆದು ಹಿಂದಿನ ಚೀಟಿಯಲ್ಲಿರುವ ಮಾದರಿ ಸಂಖ್ಯೆಯನ್ನು ಬರೆದುಕೊಂಡು ಪಟ್ಟಿಯನ್ನು ತಿಳಿದುಕೊಂಡರೆ ಈ ತೊಂದರೆಯೇ ಬಾರದು.

ಎಲ್ಲ ಸೆಟ್‌ಗಳಿಗೂ ಒಂದೇ ಆವರ್ತನ ಹಾಕಿದ್ದೇನೆ, ಆದರೂ ಒಂದರ ಮಾತು ಇನ್ನೊಂದಕ್ಕೆ ಕೇಳಿಸುವುದಿಲ್ಲ.

ಕೇಳಬೇಕಾದ ಸೆಟ್ಟಿನಲ್ಲಿ, ಬಂದದ್ದನ್ನೆಲ್ಲ ತಡೆಯದೆ ಕೇಳಿಸುವ ಮಾನಿಟರ್ ಗುಂಡಿಯನ್ನು ಒತ್ತಿಹಿಡಿದು, ಇನ್ನೊಂದರಲ್ಲಿ ಮಾತಾಡಿಸಿ. ಆಗ ಕೇಳಿಸಿದರೆ ದೋಷ ಟೋನಿನದು. ಮಾತಿನ ಅಡಿಯಲ್ಲಿ ಕಿವಿಗೆ ಬೀಳದಂತೆ ಹೋಗುವ 67.0ರಿಂದ 254.1 ಹರ್ಟ್ಸ್‌ವರೆಗಿನ ಸಿಟಿಸಿಎಸ್‌ಎಸ್ ಟೋನ್, ಅಥವಾ ಡಿಸಿಎಸ್ ಎಂಬ ಅಂಕೀಯ ಸಂಕೇತ ಹೊಂದಿಕೆಯಾದರೆ ಮಾತ್ರ ಸೆಟ್ ಬಾಯಿ ತೆರೆಯುತ್ತದೆ. ಒಂದರಲ್ಲಿ ಪ್ರಸಾರಕ್ಕೆ ಟೋನ್ ಇಲ್ಲದೆ ಇನ್ನೊಂದರಲ್ಲಿ ಸ್ವೀಕಾರಕ್ಕೆ ಟೋನ್ ಇದ್ದರೆ ಮಾತು ಒಂದೇ ದಿಕ್ಕಿಗೆ ಸಾಗುತ್ತದೆ, ಮತ್ತು ತೋಟದ ರೈಟರು ಹೇಳಿದ್ದು ಬಂಗಲೆಗೆ ಮುಟ್ಟಿದರೂ ಬಂಗಲೆಯ ಉತ್ತರ ರೈಟರಿಗೆ ಮುಟ್ಟುವುದಿಲ್ಲ. ಡಿಸಿಎಸ್‌ನಲ್ಲಿ ಸಂಖ್ಯೆ ಒಂದೇ ಆಗಿದ್ದರೂ ನೇರ, ತಿರುವು ಎಂಬ ಧ್ರುವತೆ ಬೇರೆಯಾಗಿದ್ದರೆ ಅದೂ ಹೊಂದುವುದಿಲ್ಲ. ಬೇರೆ ಬೇರೆ ಕಂಪನಿಯ ಸೆಟ್‌ಗಳನ್ನು ಬೆರೆಸಿದಾಗ ಇದು ಹೆಚ್ಚು.

ಮಾನಿಟರ್ ಒತ್ತಿದರೂ ಕೇಳಿಸದಿದ್ದರೆ ಪ್ರಸಾರ ಮತ್ತು ಸ್ವೀಕಾರದ ಆವರ್ತನಗಳನ್ನು ಪ್ರತ್ಯೇಕವಾಗಿ ನೋಡಿ. ಹಿಂದೆ ರಿಪೀಟರ್ (ಮಾತನ್ನು ಹಿಡಿದು ಮರುಪ್ರಸಾರ ಮಾಡುವ ಕೇಂದ್ರ) ಮೂಲಕ ಮಾತಾಡುತ್ತಿದ್ದ ಸೆಟ್‌ಗಳಲ್ಲಿ ಇವೆರಡೂ ಬೇರೆಯಾಗಿರುತ್ತವೆ. ಒಂದನ್ನು ತಿದ್ದಿ ಇನ್ನೊಂದನ್ನು ಹಾಗೆಯೇ ಬಿಟ್ಟರೆ ಸೆಟ್‌ಗಳು ಪರಸ್ಪರ ಕಿವುಡಾಗುತ್ತವೆ. ಧ್ವನಿ ಕೇಳಿಸಿದರೂ ತೀರ ಸಣ್ಣದಾಗಿದ್ದರೆ ಅಥವಾ ಒಡೆದು ಬಂದರೆ ಒಂದು ಸೆಟ್ 12.5, ಇನ್ನೊಂದು 25 ಕಿಲೋಹರ್ಟ್ಸ್ ಅಗಲದಲ್ಲಿದೆ ಎಂದು ತಿಳಿಯಬೇಕು. ಮಾತು ಅರ್ಥವೇ ಆಗದಂತೆ ತಿರುಚಿದ್ದರೆ, ಬೇರೆಯವರಿಗೆ ತಿಳಿಯದಂತೆ ಮಾತನ್ನು ಕಲಸುವ ಸ್ಕ್ರ್ಯಾಂಬ್ಲರ್ ಸೌಲಭ್ಯ ಚಾಲೂ ಉಳಿದುಕೊಂಡಿದೆ. ಗುಂಡಿ ಒತ್ತಿದರೂ ಪ್ರಸಾರವೇ ಆಗದೆ ಎಚ್ಚರಿಕೆಯ ಸದ್ದು ಬಂದರೆ, ಬೇರೆಯವರು ಮಾತಾಡುತ್ತಿರುವಾಗ ತಡೆಯುವ ಬಿಜಿ ಚಾನಲ್ ಲಾಕ್‌ಔಟ್ ಚಾಲೂ ಇದೆಯೇ ನೋಡಿ.

ಮೊಟೊರೋಲಾದ ಮೊಟೊಟರ್ಬೊ ಡಿಜಿಟಲ್ ಸೆಟ್ಟಿಗೆ ಕಾಮ್ ಪೋರ್ಟ್ ಕಾಣಿಸುತ್ತಲೇ ಇಲ್ಲವಲ್ಲ?

ಕಾಣಿಸಬೇಕಾಗಿಲ್ಲ. ಅದು ಯುಎಸ್‌ಬಿ ಮೂಲಕ ಒಂದು ನೆಟ್‌ವರ್ಕ್ ಸಾಧನವಾಗಿ ಸೇರಿಕೊಳ್ಳುತ್ತದೆ. ಸೆಟ್ಟಿನ ರೂಢಿಯ ವಿಳಾಸ 192.168.10.1. ಮನೆಯ ವೈಫೈ ಕೂಡ 192.168.10 ಸರಣಿಯಲ್ಲೇ ಇದ್ದರೆ ಎರಡೂ ಘರ್ಷಿಸಿ ಸೆಟ್ ಸಿಗುವುದಿಲ್ಲ, ಆದ್ದರಿಂದ ಪ್ರೋಗ್ರಾಮ್ ಮಾಡುವಷ್ಟು ಹೊತ್ತು ವೈಫೈ ಆಫ್ ಮಾಡಿ ನೋಡಿ.

ಮಳೆಗಾಲ ಮುಗಿದ ಮೇಲೆ ಹಲವು ಸೆಟ್‌ಗಳು ಓದುವುದನ್ನೇ ನಿಲ್ಲಿಸಿದವು.

ತಿಂಗಳುಗಟ್ಟಲೆ ಬಿಡದ ತೇವದಲ್ಲಿ ಪಕ್ಕದ ಸಂಪರ್ಕ ಬಿಂದುಗಳ ಮೇಲೆ ಹಸಿರು ಅಥವಾ ಬಿಳಿಯ ಪೊರೆ ಕಟ್ಟುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿದ ಮೇಲೆ ಪ್ರಯತ್ನಿಸಿ. ಉಪ್ಪುಕಾಗದ ತಾಗಿಸಿದರೆ ಚಿನ್ನದ ಲೇಪ ಕಿತ್ತು ಮುಂದಿನ ಮಳೆಗೆ ಇನ್ನೂ ಬೇಗ ಕೆಡುತ್ತದೆ. ಜೂನ್‌ಗೆ ಮೊದಲೇ ಪಕ್ಕದ ರಬ್ಬರ್ ಮುಚ್ಚಳಗಳನ್ನು ಹಾಕಿರುವುದನ್ನು ಖಚಿತಪಡಿಸಿಕೊಂಡು, ರಾತ್ರಿ ಸೆಟ್‌ಗಳನ್ನು ಸಿಲಿಕಾ ಜೆಲ್ ಹಾಕಿದ ಬಿಗಿ ಡಬ್ಬದಲ್ಲಿಡುವ ತೋಟಗಳಲ್ಲಿ ಈ ದೂರು ವಿರಳ.

ಪ್ರೋಗ್ರಾಮಿಂಗ್ ಸರಿಯಾಗಿದೆ, ಆದರೆ ಕಣಿವೆಯ ಆಚೆಗೆ ಮಾತು ಹೋಗುವುದಿಲ್ಲ. ಏನನ್ನು ಬದಲಿಸಬೇಕು?

ತಂತ್ರಾಂಶದಲ್ಲಿ ಬದಲಿಸುವಂಥದ್ದು ಪ್ರಸಾರದ ಶಕ್ತಿ ಕಡಿಮೆಯ ಮಟ್ಟದಲ್ಲಿದೆಯೇ ಎಂಬುದೊಂದೇ. ಉಳಿದದ್ದು ಭೂಮಿಯ ಮಾತು: ಗುಡ್ಡ ಅಡ್ಡ ಬಂದರೆ 5 ವ್ಯಾಟ್ ಆದರೂ ಮುಟ್ಟದು, ಅದೇ ಗಾಳಿಬೀಡಿನಂಥ ಎತ್ತರದಿಂದ ಬಹುದೂರ ಮುಟ್ಟೀತು. ವಿಎಚ್‌ಎಫ್ ಸೆಟ್ಟಿಗೆ ಯುಎಚ್‌ಎಫ್ (ಇನ್ನೂ ಹೆಚ್ಚಿನ ಆವರ್ತನದ) ಆಂಟೆನಾ ಸಿಕ್ಕಿಸಿ ಮಾರಿರುವುದನ್ನು ಮಾತ್ರ ಪರಿಶೀಲಿಸಿ, ಏಕೆಂದರೆ ಎರಡರ ತಿರುಪೂ ಹಲವು ಬಾರಿ ಒಂದೇ ಆಗಿರುತ್ತದೆ.

ತಂತ್ರಜ್ಞರ ಬಳಿ ಒಯ್ಯುವಾಗ ಏನೇನು ಕೊಂಡೊಯ್ಯಬೇಕು?

ಕೆಟ್ಟ ಸೆಟ್ಟಿನ ಜೊತೆ ಅದೇ ಮಾದರಿಯ ಸರಿಯಾದ ಸೆಟ್ಟೊಂದು, ಚಾರ್ಜ್ ಆದ ಬ್ಯಾಟರಿ, ನೀವು ಬಳಸಿದ ಕೇಬಲ್, ಉಳಿಸಿಟ್ಟ ಮೂಲ ಕಡತ, ಪರವಾನಗಿಯ ಪ್ರತಿ ಮತ್ತು ಪರದೆಯಲ್ಲಿ ಬಂದ ದೋಷದ ಸಂದೇಶದ ಫೋಟೊ ಇಷ್ಟು ಇರಲಿ. ಕುಶಾಲನಗರವನ್ನೋ ಮೈಸೂರನ್ನೋ ತಲುಪಿದ ಮೇಲೆ ಕೇಬಲ್ ಮನೆಯಲ್ಲೇ ಉಳಿದಿದೆಯೆಂದು ತಿಳಿದರೆ, ದೋಷ ಸೆಟ್ಟಿನದೋ ಕೇಬಲ್‌ನದೋ ಎಂಬ ಮೊದಲ ಪ್ರಶ್ನೆಗೇ ಅಲ್ಲಿ ಉತ್ತರ ಸಿಗುವುದಿಲ್ಲ.